ಮೇ ತಿಂಗಳ ಹಸ್ತಾಂತರ



ಸರ್ಕಾರಗಳು ಹೇಗೆ ಬೀಳುತ್ತವೆ, ಹೇಗೆ ರಚನೆಯಾಗುತ್ತವೆ ಎಂಬ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಯಾರು ಯಾವ ರೆಸಾರ್ಟಿನಲ್ಲಿದ್ದರು, ರಾಜಭವನಕ್ಕೆ ಯಾರು ಎಷ್ಟು ಹೊತ್ತಿಗೆ ಹೋದರು, ಪ್ರಮಾಣವಚನದ ವೇದಿಕೆಯಲ್ಲಿ ಯಾರ ಪಕ್ಕ ಯಾರು ಕೂತರು ಎಂಬುದೆಲ್ಲ ಗಂಟೆಗಂಟೆಗೂ ನಮಗೆ ತಿಳಿಯುತ್ತದೆ. ಅದೇ ದಿನಗಳಲ್ಲಿ ತಾಲ್ಲೂಕು ಕಚೇರಿಯಲ್ಲಿ ಏನು ನಡೆಯುತ್ತಿತ್ತು, ಗೊಬ್ಬರದ ಗೋದಾಮಿನಲ್ಲಿ ಎಷ್ಟು ಚೀಲ ಇತ್ತು, ಅರ್ಧ ಕಟ್ಟಿದ ಶಾಲಾ ಕೊಠಡಿಯ ಬಿಲ್ಲು ಯಾರ ಮೇಜಿನ ಮೇಲೆ ನಿಂತಿತ್ತು ಎಂದು ಕೇಳುವವರು ಕಡಿಮೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡನೆಯ ವಿಷಯದ ಬಗ್ಗೆ. ಒಂದು ಸರ್ಕಾರ ಹೋಗಿ ಇನ್ನೊಂದು ಬಂದು ನೆಲೆಯೂರುವ ನಡುವಿನ ವಾರಗಳಲ್ಲಿ ರಾಜ್ಯವನ್ನು ನಡೆಸುವುದು ಹೇಗೆ? ಎಲ್ಲ ಇಲಾಖೆಗಳೂ ಪಾಲಿಸಬೇಕಾದ, ಜನರೂ ಓದಬಹುದಾದ ಒಂದು ಕ್ರಮ ಇದಕ್ಕಾಗಿ ನಮ್ಮಲ್ಲಿ ರೂಢಿಯಾಗಿಲ್ಲ. ಅದು ಬೇಕೆಂಬುದೇ ನನ್ನ ವಾದ.

ಕೆಳಗಿನ ಹಂತದಲ್ಲಿ ಈ ಕ್ರಮ ಎಷ್ಟು ಚೆನ್ನಾಗಿದೆ ನೋಡಿ. ಒಬ್ಬ ಗ್ರಾಮ ಆಡಳಿತ ಅಧಿಕಾರಿಗೆ ವರ್ಗವಾದರೆ ರಿಜಿಸ್ಟರುಗಳನ್ನು ಪಟ್ಟಿ ಮಾಡಿ, ರಸೀದಿ ಪುಸ್ತಕಗಳನ್ನು ಎಣಿಸಿ, ಬಾಕಿ ಅರ್ಜಿಗಳನ್ನು ತೋರಿಸಿ ಬಂದವರ ಕೈಗೆ ಒಪ್ಪಿಸಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಬದಲಾದರೆ ಬೀರುವಿನ ಕೀಲಿಯಿಂದ ಹಿಡಿದು ಅಕ್ಷರ ದಾಸೋಹದ ಅಕ್ಕಿ ಎಷ್ಟು ಕಿಲೋ ಉಳಿದಿದೆ ಎಂಬುದರ ತನಕ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಪ್ರಭಾರ ಒಪ್ಪಿಸಿದ ಪ್ರಮಾಣಪತ್ರಕ್ಕೆ ಕಚೇರಿಗಳಲ್ಲಿ ಸಿಟಿಸಿ ಅನ್ನುತ್ತಾರೆ. ಅದಕ್ಕೆ ಸಹಿ ಬೀಳದೆ ಹೋದವರು ಹೋದಂತಲ್ಲ, ಬಂದವರು ಬಂದಂತಲ್ಲ. 2023ರ ಜುಲೈನಲ್ಲಿ ಮಂಡನೆಯಾದ ಕರ್ನಾಟಕದ ಬಜೆಟ್ಟಿನ ಗಾತ್ರ ₹3.27 ಲಕ್ಷ ಕೋಟಿ. ಅಷ್ಟು ಹಣವನ್ನು ನಿಭಾಯಿಸುವ ಸಂಪುಟ ಬದಲಾದಾಗ ಹಳೆಯ ಸಚಿವರು ಹೊಸಬರಿಗೆ ಒಪ್ಪಿಸುವ ಪಟ್ಟಿ ಯಾವುದು? ಮುಖ್ಯ ಕಾರ್ಯದರ್ಶಿಗಳು, ಇಲಾಖಾ ಕಾರ್ಯದರ್ಶಿಗಳು ತಮ್ಮ ಟಿಪ್ಪಣಿಗಳನ್ನು ಸಿದ್ಧಮಾಡಿಕೊಳ್ಳುತ್ತಾರೆ, ನಿಜ. ಆದರೆ ಅದು ಒಳಗಿನ ಕಾಗದ. ಅದರಲ್ಲಿ ಏನಿರಬೇಕು, ಯಾವ ದಿನಾಂಕದೊಳಗೆ ಸಿದ್ಧವಿರಬೇಕು, ವಿಧಾನಸಭೆಗೂ ಜನರಿಗೂ ಅದು ಸಿಗಬೇಕೇ ಎಂಬುದೆಲ್ಲ ಆಯಾ ಅಧಿಕಾರಿಯ ಶ್ರದ್ಧೆಗೆ ಬಿಟ್ಟದ್ದು.

ನಮ್ಮ ರಾಜ್ಯಕ್ಕೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ತುರ್ತಿನದು. 1985ರ ನಂತರ ಇಲ್ಲಿ ಯಾವ ಆಡಳಿತ ಪಕ್ಷವೂ ವಿಧಾನಸಭೆ ಚುನಾವಣೆಯಲ್ಲಿ ಬಹುಮತ ಪಡೆದು ಮರಳಿಲ್ಲ. 2004ರ ಮೇ ತಿಂಗಳಿಂದ 2023ರ ಮೇ ತಿಂಗಳವರೆಗೆ ಮುಖ್ಯಮಂತ್ರಿಯ ಪ್ರಮಾಣವಚನ 12 ಸಲ ನಡೆದಿದೆ. ನಡುವೆ ರಾಷ್ಟ್ರಪತಿ ಆಡಳಿತವೂ ಬಂದು ಹೋಗಿದೆ. ಸರಾಸರಿ ಎರಡು ವರ್ಷವೂ ಒಬ್ಬರು ನಿಲ್ಲದ ಕುರ್ಚಿ ಅದು. ಹೀಗಿರುವಾಗ ಅಧಿಕಾರ ಹಸ್ತಾಂತರವನ್ನು ಅಪರೂಪದ ಘಟನೆ ಎಂದುಕೊಳ್ಳುವಂತಿಲ್ಲ. ಇದು ನಮ್ಮ ಆಡಳಿತದ ನಿತ್ಯದ ಸ್ಥಿತಿಗಳಲ್ಲೊಂದು.

ಇನ್ನೊಂದು ಸಂಗತಿಯಿದೆ, ಇದನ್ನು ನಮ್ಮ ರಾಜಕೀಯ ವಿಶ್ಲೇಷಕರು ಹೆಚ್ಚು ಗಮನಿಸಿದಂತಿಲ್ಲ. ಮೊದಲು ನಮ್ಮ ಸರ್ಕಾರಗಳು ಬೇರೆ ಬೇರೆ ಋತುಗಳಲ್ಲಿ ಬದಲಾಗುತ್ತಿದ್ದವು. ರಾಮಕೃಷ್ಣ ಹೆಗಡೆಯವರು ಮೊದಲ ಸಲ ಬಂದದ್ದು 1983ರ ಜನವರಿಯಲ್ಲಿ. ವೀರೇಂದ್ರ ಪಾಟೀಲರು 1989ರ ನವೆಂಬರಿನಲ್ಲಿ, ದೇವೇಗೌಡರು 1994ರ ಡಿಸೆಂಬರಿನಲ್ಲಿ, ಎಸ್.ಎಂ. ಕೃಷ್ಣ ಅವರು 1999ರ ಅಕ್ಟೋಬರಿನಲ್ಲಿ. ಸುಗ್ಗಿ ಕಳೆದೋ ಮಳೆ ನಿಂತೋ ಇದ್ದ ಕಾಲ. 2004ರಿಂದ ಈಚೆಗೆ ಐದಕ್ಕೆ ಐದೂ ಚುನಾವಣೆಗಳು ಮುಗಿದದ್ದು ಮೇ ತಿಂಗಳಲ್ಲಿ: 2004, 2008, 2013, 2018, 2023. ಮೇ ಅಂದರೆ ಏನು? ರೋಹಿಣಿ ಮಳೆ ಹೂಡುವ ತಿಂಗಳು. ರೈತ ಸಂಪರ್ಕ ಕೇಂದ್ರಗಳಿಗೆ ಬೀಜ ಬರಬೇಕಾದ, ಸೊಸೈಟಿಗಳಿಗೆ ಗೊಬ್ಬರ ಇಳಿಯಬೇಕಾದ ತಿಂಗಳು. ಕೊನೆಯ ವಾರದಲ್ಲಿ ಶಾಲೆ ತೆರೆಯುತ್ತದೆ. ರಾಜಕಾಲುವೆಗಳ ಹೂಳು ಎತ್ತಿ ಮುಗಿಸಬೇಕು, ಕರಾವಳಿ ಮಲೆನಾಡುಗಳಲ್ಲಿ ಗುಡ್ಡ ಕುಸಿಯುವ ಜಾಗಗಳನ್ನು ಗುರುತಿಸಬೇಕು. ಬಯಲುಸೀಮೆಯ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಹೋಗುತ್ತಿರುವುದೂ ಆಗಲೇ. ಸರ್ಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆಯ ಕಾಲವೂ ಅದೇ. ಆಡಳಿತಕ್ಕೆ ವರ್ಷದಲ್ಲೇ ಅತಿ ಹೆಚ್ಚು ಕೆಲಸವಿರುವ ಆರು ವಾರಗಳಲ್ಲಿ ನಮಗೆ ಸಚಿವರಿರುವುದಿಲ್ಲ, ಇದ್ದವರಿಗೆ ಖಾತೆ ಇರುವುದಿಲ್ಲ, ಖಾತೆ ಇದ್ದವರಿಗೆ ಕಡತ ಓದಲು ಹೊತ್ತಿರುವುದಿಲ್ಲ.

ಮಾರ್ಚ್ ಕೊನೆಯಿಂದಲೇ ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಫೆಬ್ರವರಿಯಲ್ಲಿ ಹೋಗುವ ಸರ್ಕಾರ ಬಜೆಟ್ ಮಂಡಿಸುತ್ತದೆ, ಜುಲೈನಲ್ಲಿ ಬಂದ ಸರ್ಕಾರ ಮತ್ತೊಂದನ್ನು ಮಂಡಿಸುತ್ತದೆ. 2013ರಲ್ಲಿ, 2018ರಲ್ಲಿ, 2023ರಲ್ಲಿ ಮೂರು ಸಲವೂ ಹೀಗೇ ಆಯಿತು. ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕಿ, ಟೆಂಡರ್ ಕರೆದು, ಕಾರ್ಯಾದೇಶ ಕೊಡುವಷ್ಟರಲ್ಲಿ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಚುನಾವಣೆಯ ವರ್ಷದಲ್ಲಿ ಕಾಮಗಾರಿಗಳಿಗೆ ಸಿಗುವುದು ಅರ್ಧ ವರ್ಷ ಮಾತ್ರ.

ಈಗ 2008ಕ್ಕೆ ಬರುತ್ತೇನೆ. ಅದಕ್ಕೆ ಹಿಂದಿನ ಎಂಟು ತಿಂಗಳನ್ನು ನೆನಪಿಸಿಕೊಳ್ಳಿ. 2007ರ ಅಕ್ಟೋಬರಿನಲ್ಲಿ ಸಮ್ಮಿಶ್ರ ಸರ್ಕಾರ ಮುರಿಯಿತು, ರಾಷ್ಟ್ರಪತಿ ಆಡಳಿತ ಬಂತು. ನವೆಂಬರ್ 12ರಂದು ಹೊಸ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸಿದರು, 19ರಂದು ರಾಜೀನಾಮೆ ಕೊಟ್ಟರು. ಮತ್ತೆ ರಾಷ್ಟ್ರಪತಿ ಆಡಳಿತ. ಮೇ ತಿಂಗಳಲ್ಲಿ ಮೂರು ಹಂತದ ಮತದಾನ. ಮೇ 30ರಂದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಅಧಿಕಾರ ವಹಿಸಿಕೊಂಡಿತು. ಜೂನ್ 10ರಂದು, ಅಂದರೆ ಹೊಸ ಸರ್ಕಾರದ ಹನ್ನೆರಡನೆಯ ದಿನ, ಹಾವೇರಿಯಲ್ಲಿ ಗೊಬ್ಬರ ಸಿಗದೆ ಬೀದಿಗಿಳಿದಿದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ರೈತರು ಪ್ರಾಣ ಕಳೆದುಕೊಂಡರು.

ಆ ದಿನದ ಹೊಣೆ ಯಾರದು ಎಂಬುದರ ಬಗ್ಗೆ ವರ್ಷಗಟ್ಟಲೆ ರಾಜಕೀಯ ನಡೆದಿದೆ. ನಾನು ನೋಡಲು ಬಯಸುವುದು ಅದರ ಹಿಂದಿನ ತಿಂಗಳುಗಳನ್ನು. ಡಿಎಪಿ ಗೊಬ್ಬರ ಬಿತ್ತನೆಯ ಹೊತ್ತಿಗೇ ನೆಲಕ್ಕೆ ಬೀಳಬೇಕಾದದ್ದು. ಯೂರಿಯಾವನ್ನು ಪೈರು ಎದ್ದ ಮೇಲೆ ಕೊಡಬಹುದು, ಡಿಎಪಿಗೆ ಆ ಸಾವಕಾಶವಿಲ್ಲ. ಮೃಗಶಿರಾ ಮಳೆ ಬಿದ್ದು ನೆಲ ಹದವಾಯಿತೆಂದರೆ ರೈತನ ಕೈಯಲ್ಲಿರುವುದು ವಾರ, ಹತ್ತು ದಿನ. ಆ ಗೊಬ್ಬರ ಹಾವೇರಿಗೆ ಬರುವ ದಾರಿ ಉದ್ದದ್ದು. ಹಂಗಾಮಿಗೆ ಮೊದಲೇ ರಾಜ್ಯದ ಬೇಡಿಕೆಯನ್ನು ಕೇಂದ್ರದ ಮುಂದೆ ಇಟ್ಟು ಒಪ್ಪಿಸಿಕೊಳ್ಳಬೇಕು. ತಿಂಗಳವಾರು ಹಂಚಿಕೆ ಆಗಬೇಕು. ಹಡಗಿನಿಂದ ಬಂದರಿಗೆ, ಬಂದರಿನಿಂದ ರೈಲು ರೇಕಿನಲ್ಲಿ ಜಿಲ್ಲೆಗೆ, ಅಲ್ಲಿಂದ ಲಾರಿಯಲ್ಲಿ ಸೊಸೈಟಿಗೂ ಅಂಗಡಿಗೂ ಬರಬೇಕು. ಆ ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಡಿಎಪಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಅಂಥ ವರ್ಷದಲ್ಲಿ ದಿಲ್ಲಿಯಲ್ಲಿ ಕೂತು ರಾಜ್ಯದ ಪಾಲಿಗಾಗಿ ಜಗಳವಾಡುವವರು ಬೇಕಾಗಿತ್ತು. ಫೆಬ್ರವರಿ, ಮಾರ್ಚ್, ಏಪ್ರಿಲ್‌ಗಳಲ್ಲಿ ಕರ್ನಾಟಕಕ್ಕೆ ಕೃಷಿ ಸಚಿವರೇ ಇರಲಿಲ್ಲ. ಜೂನ್ ಮೊದಲ ವಾರ ಬಂದ ಸಚಿವರ ಕೈಗೆ ಸಿಕ್ಕಿದ್ದು ಆಗಲೇ ಶುರುವಾಗಿದ್ದ ಕೊರತೆ. ಯಾವ ಜಿಲ್ಲೆಯಲ್ಲಿ ಯಾವ ಗೊಬ್ಬರ ಎಷ್ಟು ಟನ್ ಕಡಿಮೆ ಬೀಳುತ್ತದೆ, ಎಂದಿನಿಂದ ಕಡಿಮೆ ಬೀಳುತ್ತದೆ ಎಂಬ ಒಂದು ಪುಟ, ಹೊಸ ಮುಖ್ಯಮಂತ್ರಿಗಳ ಮೇಜಿನ ಮೇಲೆ ಮೊದಲ ದಿನವೇ ಎಲ್ಲಕ್ಕಿಂತ ಮೇಲೆ ಇರಬೇಕಾಗಿತ್ತು. ಸರ್ಕಾರ ಯಾವ ಪಕ್ಷದ್ದೇ ಆಗಲಿ, ಅಂಥ ಪುಟವನ್ನು ಬರೆಯುವುದು ಯಾರ ಕರ್ತವ್ಯ ಎಂದು ಗೊತ್ತುಮಾಡದೆ ಇರುವುದು ತಪ್ಪು, ಆ ತಪ್ಪನ್ನು ಇನ್ನೂ ತಿದ್ದಿಲ್ಲ.

2019ರ ಕತೆ ಸ್ವಲ್ಪ ಬೇರೆ. ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. ಸಂಪುಟಕ್ಕೆ ಸಚಿವರು ಬಂದದ್ದು ಆಗಸ್ಟ್ 20ರಂದು. ಈ ನಡುವೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಗಳ ಹಳ್ಳಿಗಳು ಮುಳುಗಿದವು, ಕೊಡಗು ಚಿಕ್ಕಮಗಳೂರುಗಳಲ್ಲಿ ಗುಡ್ಡಗಳು ಕುಸಿದವು. ಇಪ್ಪತ್ತಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ನೆರೆ. ಸಂವಿಧಾನದ 164ನೇ ವಿಧಿಗೆ 2003ರಲ್ಲಿ ಸೇರಿದ ತಿದ್ದುಪಡಿಯ ಪ್ರಕಾರ ರಾಜ್ಯದ ಮಂತ್ರಿಮಂಡಲದಲ್ಲಿ ಮುಖ್ಯಮಂತ್ರಿಯೂ ಸೇರಿ 12ಕ್ಕಿಂತ ಕಡಿಮೆ ಜನ ಇರುವಂತಿಲ್ಲ. ಇದ್ದವರು ಒಬ್ಬರು. ಕಂದಾಯ ಸಚಿವರಿಲ್ಲ, ಗ್ರಾಮೀಣಾಭಿವೃದ್ಧಿ ಸಚಿವರಿಲ್ಲ, ಜಿಲ್ಲೆಗಳಿಗೆ ಉಸ್ತುವಾರಿ ಸಚಿವರಿಲ್ಲ.

ಆದರೂ ಆಡಳಿತ ನಿಲ್ಲಲಿಲ್ಲ ಎಂಬುದನ್ನು ನಾನು ಗೌರವದಿಂದ ಹೇಳಬೇಕು. ದೋಣಿಗಳು ಹೋದವು, ಪರಿಹಾರ ಕೇಂದ್ರಗಳು ತೆರೆದವು, ಅನ್ನ ಬೆಂದಿತು. ಯಾಕೆ ಸಾಧ್ಯವಾಯಿತು? 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯನ್ನೇ ಅಧ್ಯಕ್ಷರನ್ನಾಗಿ ಮಾಡಿದೆ. ಹಣ, ಅಧಿಕಾರ, ಪರಿಹಾರದ ದರ ಎಲ್ಲವೂ ಮೊದಲೇ ಬರೆದಿಟ್ಟದ್ದು. ಸಚಿವರ ಸಹಿಗೆ ಕಾಯದೆ ತಹಶೀಲ್ದಾರರು ರಾತ್ರಿ ಹೊಳೆಯ ದಂಡೆಗೆ ಹೋಗಬಹುದಿತ್ತು, ಹೋದರು. ನಿಂತದ್ದು ಎಲ್ಲಿ ಎಂದರೆ ಬರೆದಿಟ್ಟದ್ದು ಮುಗಿದ ಮುಂದಿನ ಹಂತದಲ್ಲಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂಬಂಥ, ಮಾರ್ಗಸೂಚಿಗಿಂತ ದೊಡ್ಡ ನಿರ್ಧಾರಗಳೆಲ್ಲ ಒಬ್ಬರೇ ಮುಖ್ಯಮಂತ್ರಿಯ ಬಳಿಗೆ ಬರಬೇಕಾಯಿತು. ಯಾವ ಮನೆ ಪೂರ್ತಿ ಬಿದ್ದದ್ದು, ಯಾವುದು ಭಾಗಶಃ ಎಂಬ ಎ, ಬಿ, ಸಿ ವರ್ಗೀಕರಣದ ಗೊಂದಲ ಸಂತ್ರಸ್ತರನ್ನು ಬಹಳ ಕಾಲ ಅಲೆಸಿತು. ಕುಸಿದ ಗೋಡೆಯ ಮುಂದೆ ಚಿಕ್ಕ ಮಕ್ಕಳನ್ನು ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡ ತಾಯಂದಿರ ಅರ್ಜಿಗಳು ಕಚೇರಿಯಿಂದ ಕಚೇರಿಗೆ ತಿರುಗಿದವು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇಷ್ಟು: ಅಧಿಕಾರವನ್ನೂ ಹಣವನ್ನೂ ಮೊದಲೇ ಕಾನೂನಿನಲ್ಲಿ ಕೆಳಗಿನವರೆಗೆ ಇಳಿಸಿದ್ದ ಕಡೆ ಸರ್ಕಾರವಿಲ್ಲದ ದಿನಗಳನ್ನು ನಾವು ದಾಟಿದೆವು. ಹಾಗೆ ಇಳಿಸದ ಕಡೆ ಸೋತೆವು.

ಲೆಕ್ಕವಿಟ್ಟು ಅಧಿಕಾರ ಒಪ್ಪಿಸುವುದಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ನಿದರ್ಶನವಿದೆ. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತೆಗೆದುಕೊಂಡರು. ಮರಳಿ ಒಡೆಯರಿಗೆ ಕೊಟ್ಟದ್ದು 1881ರ ಮಾರ್ಚ್ 25ರಂದು. ಕೊಡುತ್ತೇವೆಂದು ನಿರ್ಧರಿಸಿದ್ದು ಅದಕ್ಕೆ 14 ವರ್ಷ ಮೊದಲು, 1867ರಲ್ಲಿ. ನಡುವಿನ ವರ್ಷಗಳಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರ ಶಿಕ್ಷಣ ನಡೆಯಿತು, ಭಾರತೀಯ ಅಧಿಕಾರಿಗಳನ್ನು ದೊಡ್ಡ ಹುದ್ದೆಗಳಿಗೆ ತರಲಾಯಿತು. 1876-78ರ ಭೀಕರ ಬರ ಆ ನಡುವೆಯೇ ಬಂದು ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಹೊರಿಸಿತ್ತು. ಹಸ್ತಾಂತರದ ದಸ್ತಾವೇಜಿನಲ್ಲಿ ಷರತ್ತುಗಳು ಕಟುವಾಗಿದ್ದವು, ಸಾರ್ವಭೌಮತ್ವ ಬ್ರಿಟಿಷರ ಕೈಯಲ್ಲೇ ಉಳಿದಿತ್ತು. ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಕೊಡುವವರಿಗೂ ಪಡೆಯುವವರಿಗೂ ಲೆಕ್ಕ ಗೊತ್ತಿತ್ತು. ಜಾರಿಯಲ್ಲಿದ್ದ ಕಾನೂನುಗಳು ಮುಂದುವರಿದವು. ದಿವಾನ್ ಸಿ.ವಿ. ರಂಗಾಚಾರ್ಲು ಅವರು ಅದೇ ವರ್ಷ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 144 ಜನರ ಮುಂದೆ ಸಂಸ್ಥಾನದ ಆದಾಯ, ವೆಚ್ಚ, ಸಾಲಗಳನ್ನು ಇಟ್ಟು ಮಾತಾಡಿದರು. ಖರ್ಚು ಇಳಿಸಲು ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿದ್ದರು, ಕೆಲವು ವರ್ಷಗಳ ನಂತರ ಅವು ಮರಳಿ ಬಂದವು. ಅಧಿಕಾರ ಕೈಗೆ ಬಂದ ಏಳನೆಯ ತಿಂಗಳಲ್ಲಿ ಬೊಕ್ಕಸದ ಸ್ಥಿತಿಯನ್ನು ಜನರ ಪ್ರತಿನಿಧಿಗಳಿಗೆ ತೆರೆದು ತೋರಿಸುವ ಆ ನಡೆಯನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ ಎಂಬುದು ನಿಜ. ಲೆಕ್ಕ ಕೇಳುವ ಅಧಿಕಾರ ಅಲ್ಲಿಂದ ಶುರುವಾಯಿತು.

ಹೊರದೇಶದ ಒಂದೇ ಒಂದು ಪ್ರಸಂಗ ಹೇಳುತ್ತೇನೆ, ಅದು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1984ರ ಜುಲೈ 14ರಂದು ನ್ಯೂಜಿಲೆಂಡಿನಲ್ಲಿ ಅವಧಿಗೆ ಮುನ್ನ ಚುನಾವಣೆ ನಡೆಯಿತು. ಪ್ರಧಾನಿ ರಾಬರ್ಟ್ ಮಲ್ಡೂನ್ ಸೋತರು, ಡೇವಿಡ್ ಲಾಂಗಿ ಗೆದ್ದರು. ದೇಶದ ವಿದೇಶಿ ವಿನಿಮಯ ಕರಗುತ್ತಿತ್ತು. ಅಲ್ಲಿನ ಡಾಲರಿನ ಮೌಲ್ಯ ಇಳಿಸಬೇಕೆಂದು ರಿಸರ್ವ್ ಬ್ಯಾಂಕೂ ಖಜಾನೆಯೂ ಹೇಳುತ್ತಿದ್ದವು. ಗೆದ್ದವರು ಒಪ್ಪಿದ್ದರು, ಆದರೆ ಅವರಿಗೆ ಇನ್ನೂ ಅಧಿಕಾರವಿಲ್ಲ. ಅಧಿಕಾರದಲ್ಲಿ ಉಳಿದಿದ್ದ ಮಲ್ಡೂನ್ ಮೊದಲು ಒಪ್ಪಲಿಲ್ಲ. ವಿದೇಶಿ ವಿನಿಮಯದ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ಕೊನೆಗೆ ತಮ್ಮದೇ ಪಕ್ಷದ ಸಹೋದ್ಯೋಗಿಗಳ ಒತ್ತಡಕ್ಕೆ ಅವರು ಮಣಿದರು, ನಾಣ್ಯದ ಮೌಲ್ಯ ಶೇ 20ರಷ್ಟು ಇಳಿಯಿತು. ಆ ದೇಶ ಅಷ್ಟಕ್ಕೆ ಬಿಡಲಿಲ್ಲ. ಸೋತ ಸರ್ಕಾರ ಮಧ್ಯಂತರ ಅವಧಿಯಲ್ಲಿ ಹೊಸ ನೀತಿ ತರಬಾರದು, ತುರ್ತಿನ ವಿಷಯ ಬಂದರೆ ಬರಲಿರುವ ಸರ್ಕಾರ ಹೇಳಿದಂತೆ, ತಾನು ಒಪ್ಪದಿದ್ದರೂ, ನಡೆಯಬೇಕು ಎಂಬ ಸಂಪ್ರದಾಯವನ್ನು ಖಚಿತಪಡಿಸಿಕೊಂಡಿತು. 1986ರ ಸಂವಿಧಾನ ಕಾಯ್ದೆಯಲ್ಲಿ ಹೊಸ ಸಚಿವರನ್ನು ಬೇಗ ನೇಮಿಸಲು ದಾರಿ ಮಾಡಿಕೊಂಡಿತು. ಇಂದು ಅಲ್ಲಿ ಪ್ರತಿ ಇಲಾಖೆಯೂ ಬರಲಿರುವ ಸಚಿವರಿಗೆ ಒಂದು ವಿವರವಾದ ಟಿಪ್ಪಣಿ ಬರೆದಿಡುತ್ತದೆ, ಆಮೇಲೆ ಅದು ಸಾರ್ವಜನಿಕರಿಗೂ ಸಿಗುತ್ತದೆ. ಯಾವ ಸಾಲ ಎಷ್ಟು, ಯಾವ ನಿರ್ಧಾರ ಮೊದಲ ತಿಂಗಳಲ್ಲೇ ಆಗಬೇಕು, ಯಾವುದು ಕಾಯಬಹುದು ಎಂದು ಒಬ್ಬ ಸಾಮಾನ್ಯ ನಾಗರಿಕ ಓದಬಹುದು.

ನಮ್ಮ ಸಂವಿಧಾನದಲ್ಲಿ ಉಸ್ತುವಾರಿ ಸರ್ಕಾರ ಎಂಬ ಪರಿಕಲ್ಪನೆ ಇಲ್ಲ. ಸದನ ವಿಸರ್ಜನೆಯಾದ ಮೇಲೂ ಮಂತ್ರಿಮಂಡಲ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಯು.ಎನ್.ಆರ್. ರಾವ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ರಾಜ್ಯಪಾಲರು ಪರ್ಯಾಯ ವ್ಯವಸ್ಥೆಯಾಗುವವರೆಗೆ ಮುಂದುವರಿಯಿರಿ ಎನ್ನುತ್ತಾರೆ, ರಾಜೀನಾಮೆ ಕೊಟ್ಟವರು ಮುಂದುವರಿಯುತ್ತಾರೆ. ಅವರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ರೂಢಿಗೆ ಬಿಟ್ಟದ್ದು.

ಆ ರೂಢಿ ಗಟ್ಟಿಯಾಗಿಲ್ಲದ್ದರಿಂದಲೇ ಎರಡು ಕಡೆಯ ಅತಿರೇಕಗಳನ್ನು ನೋಡುತ್ತಿದ್ದೇವೆ. ಹೋಗುವವರು ಕೊನೆಯ ವಾರಗಳಲ್ಲಿ ಅವಸರವಸರವಾಗಿ ಕಡತಗಳಿಗೆ ಸಹಿ ಹಾಕುತ್ತಾರೆ. ಬಂದವರು ಬಂದ ದಿನವೇ ಎಲ್ಲವನ್ನೂ ತಡೆಹಿಡಿಯುತ್ತಾರೆ. 2019ರ ಜುಲೈನಲ್ಲಿ ಬಂದವರು ಹಿಂದಿನವರ ಕೊನೆಯ ದಿನಗಳ ವರ್ಗಾವಣೆಗಳನ್ನೂ ಹೊಸ ಕಾಮಗಾರಿಗಳನ್ನೂ ತಡೆದರು. 2023ರ ಮೇ ತಿಂಗಳಲ್ಲಿ ಬಂದವರು ಹಿಂದಿನವರ ಕಾಲದ ಕಾಮಗಾರಿಗಳನ್ನೂ ಬಿಲ್ ಪಾವತಿಯನ್ನೂ ತಡೆದರು. ಪಕ್ಷಗಳು ಬೇರೆ, ಸುತ್ತೋಲೆ ಹೆಚ್ಚುಕಡಿಮೆ ಒಂದೇ. ಹಿಂದಿನವರ ಮೇಲಿನ ಈ ಅನುಮಾನಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ಚುನಾವಣೆ ಘೋಷಣೆಗೆ ಮುನ್ನ ಬಜೆಟ್ಟಿನಲ್ಲಿ ಹಣವಿಲ್ಲದಿದ್ದರೂ ಕಾಮಗಾರಿಗೆ ಅನುಮೋದನೆ ಕೊಡುವುದು ನಮ್ಮಲ್ಲಿ ಹಳೆಯ ರೋಗ, ಪರಿಶೀಲನೆ ಬೇಕೇ ಬೇಕು. ಆದರೆ ಸಾರಾಸಗಟು ತಡೆ ಎಂದರೆ ಕಾಗದದ ಮೇಲೆ ಮಾತ್ರ ಇದ್ದ ಕಾಮಗಾರಿಯೂ ಅಡಿಪಾಯ ತೋಡಿ ಕಬ್ಬಿಣ ಕಟ್ಟಿ ನಿಂತ ಕಾಮಗಾರಿಯೂ ಒಂದೇ ಆಗುತ್ತದೆ. ಜೂನ್ ಮಳೆಗೆ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಸಣ್ಣ ಗುತ್ತಿಗೆದಾರ ಬಡ್ಡಿಗೆ ತಂದ ಹಣದಲ್ಲಿ ಕೂಲಿ ಕೊಟ್ಟಿರುತ್ತಾನೆ. ಮುಂದಿನ ವರ್ಷ ಅದೇ ಕೆಲಸ ಹೆಚ್ಚಿನ ದರದಲ್ಲಿ ಮತ್ತೆ ಟೆಂಡರಿಗೆ ಬರುತ್ತದೆ. ಕಾರ್ಯಾದೇಶ ಕೊಟ್ಟು ಸ್ಥಳದಲ್ಲಿ ಕೆಲಸ ಶುರುವಾಗಿದ್ದರೆ ತಡೆಯಬಾರದು, ಅಳತೆ ಪುಸ್ತಕ ತಾಳೆ ನೋಡಿ ಮುಂದುವರಿಸಬೇಕು. ಶುರುವಾಗದೆ ಇದ್ದದ್ದನ್ನು ಮಾತ್ರ ತಡೆದು, ಮೂವತ್ತು ದಿನದೊಳಗೆ ಹೌದು ಅಥವಾ ಇಲ್ಲ ಎಂದು ಕಾರಣ ಬರೆದು ತೀರ್ಮಾನಿಸಬೇಕು. ಇಷ್ಟು ನಿಯಮ ಸಾಕು. ತಡೆ ಹಿಡಿದದ್ದು ತಾನೇ ತಾನಾಗಿ ವರ್ಷಗಟ್ಟಲೆ ಮುಂದುವರಿಯಬಾರದು.

ಪಠ್ಯಪುಸ್ತಕದ ವಿಷಯದಲ್ಲೂ ಇದೇ ಆಗಿದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಹಿಂದಿನವರು ಮಾಡಿದ್ದ ಪರಿಷ್ಕರಣೆಯನ್ನು ತಿದ್ದಲು ತೀರ್ಮಾನಿಸಿದಾಗ ಪುಸ್ತಕಗಳು ಅಚ್ಚಾಗಿ ಮಕ್ಕಳ ಕೈಗೆ ಹೋಗಿದ್ದವು. ಯಾವ ಪಾಠ ಬಿಡಬೇಕು, ಯಾವುದು ಸೇರಿಸಬೇಕು ಎಂದು ಪೂರಕ ಪುಸ್ತಿಕೆಯಲ್ಲಿ ತಿಳಿಸಬೇಕಾಯಿತು. ಪಾಠಗಳ ಬಗ್ಗೆ ನನಗೂ ನಿಲುವಿದೆ, ಇವತ್ತಿನ ವಿಷಯ ಅದಲ್ಲ. ಎಂಟನೆಯ ತರಗತಿಯ ಹುಡುಗಿಗೆ ಶಾಲೆ ತೆರೆದ ದಿನ ಕೊಟ್ಟ ಪುಸ್ತಕ ವರ್ಷಪೂರ್ತಿ ಅದೇ ಆಗಿರಬೇಕು. ನೀತಿ ಬದಲಿಸುವ ಹಕ್ಕು ಗೆದ್ದವರಿಗೆ ಇದೆ, ಆ ಬದಲಾವಣೆ ಮುಂದಿನ ಶೈಕ್ಷಣಿಕ ವರ್ಷದಿಂದ ಜಾರಿಗೆ ಬಂದರೆ ಯಾರಿಗೂ ನಷ್ಟವಿಲ್ಲ.

ಯಾವ ಯೋಜನೆಗಳು ಸರ್ಕಾರಗಳನ್ನು ದಾಟಿ ಉಳಿಯುತ್ತವೆ ಎಂದು ನಾನು ಬಹಳ ಯೋಚಿಸಿದ್ದೇನೆ. ಭೂಮಿ ಯೋಜನೆ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಜಾರಿಗೆ ಬಂತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂತು. ಆಮೇಲೆ ಬಂದ ಯಾರೂ ಅದನ್ನು ಮುಟ್ಟಲಿಲ್ಲ, ಯಾಕೆಂದರೆ ಹಳೆಯದಕ್ಕೆ ಹೋಗುವ ದಾರಿಯೇ ಉಳಿದಿರಲಿಲ್ಲ, ಜನಕ್ಕೂ ಹೋಗಲು ಇಷ್ಟವಿರಲಿಲ್ಲ. ಸರ್ಕಾರಿ ಸೇವೆಗಳನ್ನು ನಿಗದಿತ ದಿನದೊಳಗೆ ಕೊಡಿಸುವ ಸಕಾಲ ಯೋಜನೆಗೆ 2011ರ ಕಾಯ್ದೆಯ ಬಲವಿದೆ, ಅದೂ ಉಳಿಯಿತು. ಸಹಕಾರಿ ಸದಸ್ಯರ ಯಶಸ್ವಿನಿ ಆರೋಗ್ಯ ಯೋಜನೆಗೆ ಅಂಥ ಬೇರಿರಲಿಲ್ಲ. 2018ರಲ್ಲಿ ಬೇರೆ ಯೋಜನೆಯಲ್ಲಿ ಲೀನವಾಯಿತು, 2022ರಲ್ಲಿ ಮತ್ತೆ ಹುಟ್ಟಿತು. ನಡುವಿನ ವರ್ಷಗಳಲ್ಲಿ ಕಾರ್ಡು ಹಿಡಿದು ಆಸ್ಪತ್ರೆಗೆ ಹೋಗಿ ಮರಳಿದವರ ಲೆಕ್ಕ ಯಾರ ಬಳಿ ಇದೆ?

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಪಂಚಾಯಿತಿಗಳ ಕತೆ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ. ದೇಶವೇ ತಿರುಗಿ ನೋಡಿದ ಪ್ರಯೋಗ ಅದು. 1989ರಲ್ಲಿ ಸರ್ಕಾರ ಬದಲಾ‌ಯಿತು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಕಾಯ್ದೆಯನ್ನು ರದ್ದು ಮಾಡದೆಯೇ ಅದರ ಉಸಿರು ನಿಲ್ಲಿಸಲಾಯಿತು. 73ನೇ ತಿದ್ದುಪಡಿ ಬಂದು, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನವೇ ಹೇಳಿತು. ಹೀಗಿದ್ದೂ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳ ಕಾಲದಲ್ಲಿ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ವಿಧಾನಸೌಧದಲ್ಲಿ ಸರ್ಕಾರ ಇಲ್ಲದ ವಾರಗಳಲ್ಲಿ ಹಳ್ಳಿಯ ನೀರು, ರಸ್ತೆ, ಆರೋಗ್ಯ ಕೇಂದ್ರಗಳನ್ನು ನೋಡಿಕೊಳ್ಳಲು ಚುನಾಯಿತರಾದ ಇನ್ನೊಂದು ಹಂತ ಇರಬೇಕಿತ್ತು. ಮೇಲಿನ ಸರ್ಕಾರ ಬದಲಾದರೂ ಕೆಳಗೆ ಹೊಣೆ ಹೊರುವವರು ಇರುತ್ತಿದ್ದರು. ಆ ಹಂತವನ್ನು ನಾವೇ ಖಾಲಿ ಇಟ್ಟುಕೊಂಡಿದ್ದೇವೆ.

ಇನ್ನು ಅಧಿಕಾರಿಗಳ ಎತ್ತಂಗಡಿ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಯಾಗಬೇಕು, ನಾಗರಿಕ ಸೇವಾ ಮಂಡಳಿಗಳು ರಚನೆಯಾಗಬೇಕು, ಮೌಖಿಕ ಆದೇಶಗಳನ್ನು ಬರಹಕ್ಕೆ ಇಳಿಸಬೇಕು ಎಂದಿತು. ಮರುವರ್ಷ ಐಎಎಸ್ ನಿಯಮಗಳಲ್ಲಿ ಎರಡು ವರ್ಷದ ಅವಧಿ ಸೇರಿತು. ಸರ್ಕಾರ ಬದಲಾದ ತಿಂಗಳಲ್ಲಿ ಈ ನಿಯಮಕ್ಕೆ ಅಪವಾದಗಳೇ ಹೆಚ್ಚು. ಹೊಸ ಮುಖ್ಯಮಂತ್ರಿಗೆ ತಮ್ಮ ನಂಬಿಕೆಯ ಕಾರ್ಯದರ್ಶಿ ಬೇಕು, ಒಪ್ಪುತ್ತೇನೆ. ಆದರೆ ಜಿಲ್ಲಾಧಿಕಾರಿ, ಜಂಟಿ ಕೃಷಿ ನಿರ್ದೇಶಕರು, ತಹಶೀಲ್ದಾರರು, ನೀರಾವರಿ ನಿಗಮದ ಎಂಜಿನಿಯರು ಇವರನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಕದಲಿಸಬಾರದು. ಯಾವ ಕೆರೆಯ ಏರಿ ಕಳೆದ ವರ್ಷ ಜಿನುಗಿತ್ತು, ಯಾವ ಸೊಸೈಟಿಯಲ್ಲಿ ಕಾಳಸಂತೆ ನಡೆಯುತ್ತದೆ, ಯಾವ ಊರಿನ ಜನ ಕರೆದ ತಕ್ಷಣ ಮನೆ ಬಿಟ್ಟು ಹೊರಬರುವುದಿಲ್ಲ ಎಂಬುದು ಯಾವ ಕಡತದಲ್ಲೂ ಪೂರ್ತಿ ಇರುವುದಿಲ್ಲ. ಒಂದು ಮಳೆಗಾಲ ಅಲ್ಲೇ ಕಳೆದವರಿಗೆ ಮಾತ್ರ ಗೊತ್ತಿರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಸೋತ ಅರಸನ ಮಂತ್ರಿ ಪೂರ್ಣಯ್ಯನವರನ್ನೇ ಬಾಲಕ ಕೃಷ್ಣರಾಜ ಒಡೆಯರ ದಿವಾನರನ್ನಾಗಿ ಉಳಿಸಿಕೊಂಡರು. ರಾಜ್ಯದ ಕಂದಾಯದ ಲೆಕ್ಕ ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಯುದ್ಧ ಗೆದ್ದವರಿಗೆ ಇದ್ದ ಆ ವಿವೇಚನೆ ಚುನಾವಣೆ ಗೆದ್ದವರಿಗೆ ಇರಬೇಡವೇ?

ಇದಕ್ಕೆಲ್ಲ ಹೊಸ ಕಾಯ್ದೆ ಬೇಕೆಂದೇನಿಲ್ಲ. ಸಂವಿಧಾನದ 166ನೇ ವಿಧಿಯಡಿ 1977ರ ಕರ್ನಾಟಕ ಸರ್ಕಾರದ ಕಾರ್ಯನಿರ್ವಹಣಾ ನಿಯಮಗಳಿವೆ. ಅವಕ್ಕೆ ಒಂದು ಅಧ್ಯಾಯ ಸೇರಿಸಿದರೆ ಸಾಕು. ವಿಧಾನಸಭೆಯ ಅವಧಿ ಮುಗಿಯುವ ವರ್ಷದ ಫೆಬ್ರವರಿ ಅಧಿವೇಶನದಲ್ಲಿ, ಬಜೆಟ್ಟಿನ ಜೊತೆಗೇ, ಪ್ರತಿ ಇಲಾಖೆಯ ಹಸ್ತಾಂತರ ಪಟ್ಟಿಯನ್ನು ಸದನದಲ್ಲಿ ಮಂಡಿಸಬೇಕು. ಪಾವತಿಯಾಗದ ಬಿಲ್ಲುಗಳು ಎಷ್ಟು, ಯಾವ ತಾರೀಖಿನವು. ಹಣವಿಲ್ಲದೆ ಅನುಮೋದನೆ ಪಡೆದ ಕಾಮಗಾರಿಗಳು ಯಾವುವು. ಹೈಕೋರ್ಟಿನಲ್ಲಿ ಯಾವ ಪ್ರಕರಣಕ್ಕೆ ಎಂದು ಉತ್ತರ ಸಲ್ಲಿಸಬೇಕು. ಕೇಂದ್ರದಿಂದ ಬರಬೇಕಾದ ಹಣ, ಗೊಬ್ಬರ, ಅಕ್ಕಿ ಎಷ್ಟು, ಅದಕ್ಕೆ ಯಾರು ಯಾವಾಗ ದಿಲ್ಲಿಗೆ ಹೋಗಬೇಕು. ಅಂತರರಾಜ್ಯ ಜಲವಿವಾದಗಳಲ್ಲಿ ನಮ್ಮ ನಿಲುವು ಎಲ್ಲಿಗೆ ಬಂದು ನಿಂತಿದೆ ಎಂಬುದೆಲ್ಲ ಅದರಲ್ಲಿ ಇರಬೇಕು. ಮೇ 15ರಿಂದ ಜುಲೈ 15ರವರೆಗೆ ಜಿಲ್ಲಾವಾರು ಯಾವ ವಾರ ಯಾವ ಕೆಲಸ ಮುಗಿಯಬೇಕು ಎಂಬ ಪ್ರತ್ಯೇಕ ಪಟ್ಟಿ ಇರಬೇಕು, ಆ ಕೆಲಸಗಳ ಹಣವೂ ಅಧಿಕಾರವೂ ನೀತಿ ಸಂಹಿತೆ ಬರುವ ಮೊದಲೇ ಜಿಲ್ಲಾಧಿಕಾರಿಗಳಿಗೆ ಇಳಿದಿರಬೇಕು. ಸರ್ಕಾರ ಅವಧಿಗೆ ಮುನ್ನ ಬಿದ್ದರೆ ಮುಖ್ಯ ಕಾರ್ಯದರ್ಶಿಗಳು ಹತ್ತು ದಿನದೊಳಗೆ ಇದೇ ಪಟ್ಟಿಯನ್ನು ಪ್ರಕಟಿಸಬೇಕು. ವಿರೋಧ ಪಕ್ಷದ ನಾಯಕರು ಬಯಸಿದರೆ ಚುನಾವಣೆಗೆ ಮೊದಲೇ ಇಲಾಖಾ ಕಾರ್ಯದರ್ಶಿಗಳಿಂದ ಪಟ್ಟಿಯ ವಿವರಣೆ ಕೇಳಲು ಅವಕಾಶವಿರಬೇಕು. ಬ್ರಿಟನ್ನಿನಲ್ಲಿ ಇಂಥ ಮಾತುಕತೆ 1964ರಿಂದ ನಡೆದುಬಂದಿದೆ.

ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ. ಹಾಗಿದ್ದರೆ ಮೊದಲ ಪಟ್ಟಿ 2028ರ ಫೆಬ್ರವರಿಗೆ ಸದನದ ಮುಂದೆ ಬರಬೇಕು, ಇಲಾಖೆಗಳು ಅದನ್ನು ಬರೆಯಲು 2027ರ ದಸರೆಯ ಹೊತ್ತಿಗೆ ಕೂರಬೇಕು, ನಿಯಮದ ತಿದ್ದುಪಡಿ ಅದಕ್ಕೂ ಮೊದಲೇ ಸಂಪುಟದ ಮುಂದೆ ಬರಬೇಕು. ಈ ಸಭೆಯಲ್ಲಿ ಶಾಸಕರಿದ್ದೀರಿ, ಸೇವೆಯಲ್ಲಿರುವ ಅಧಿಕಾರಿಗಳಿದ್ದೀರಿ, ಪತ್ರಕರ್ತರಿದ್ದೀರಿ. ತಿದ್ದುಪಡಿಯ ಕರಡನ್ನು ಸಿದ್ಧಪಡಿಸಲು ಒಂದು ಸಣ್ಣ ತಂಡ ಕೂಡುವುದಾದರೆ ನಾನು ನನ್ನ ಟಿಪ್ಪಣಿಗಳನ್ನೆಲ್ಲ ತಂದು ಅದರ ಜೊತೆ ಕೂರುತ್ತೇನೆ.